ಅದು ಪ್ರಶ್ನೆಯೇ ಅಲ್ಲ ಡಾಕ್ಟ್ರೇ

"ಮದುವೆ ಆಗಿದ್ಯಾ?"

ಎಂಟು ವರ್ಷದಲ್ಲಿ ಎಷ್ಟು ಡಾಕ್ಟರುಗಳು ನನಗೆ ಈ ಪ್ರಶ್ನೆ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಮೊದಲ ಸಲದ್ದು ಮಾತ್ರ ಚೆನ್ನಾಗಿ ನೆನಪಿದೆ. ಆಗ ನನಗೆ 23. ಬೆಳಿಗ್ಗೆ ಎದ್ದರೆ ಬೆರಳು ಮಡಚಕ್ಕಾಗಲ್ಲ, ಹಾಲಿನ ಪ್ಯಾಕೆಟ್ ಕತ್ತರಿಸಕ್ಕಾಗಲ್ಲ, ಸ್ಕೂಟಿ ಬ್ರೇಕ್ ಹಿಡಿಯಕ್ಕಾಗಲ್ಲ. ಅದು ರುಮಟಾಯ್ಡ್ ಸಂಧಿವಾತ ಅಂತ ಖಚಿತವಾದ ದಿನ ಡಾಕ್ಟರ ಮುಂದೆ ನಾನು, ನನ್ನ ಪಕ್ಕದಲ್ಲಿ ಹಾಸನದಿಂದ ಬಂದಿದ್ದ ಅಮ್ಮ. ಪ್ರಶ್ನೆ ಬಂತು. ನಾನು ಬಾಯಿ ಬಿಡೋ ಮುಂಚೆ ಅಮ್ಮನೇ, "ಇಲ್ಲ ಸರ್, ನೋಡ್ತಾ ಇದೀವಿ" ಅಂದಳು. ಡಾಕ್ಟರು ತಲೆಯಾಡಿಸಿ ಮೆಥೊಟ್ರೆಕ್ಸೇಟ್ ಬರೆದರು. ವಾರಕ್ಕೆ ಒಂದೇ ದಿನ, ಮರೆತು ದಿನಾ ನುಂಗಬೇಡಿ. ಫಾಲಿಕ್ ಆಸಿಡ್ ಬೇರೆ ದಿನ ತಗೊಳ್ಳಿ. ಲಿವರ್ ಟೆಸ್ಟ್ ತಪ್ಪಿಸಬೇಡಿ. ಎಲ್ಲ ಸರಿಯಾಗೇ ಹೇಳಿದರು, ಒಂದನ್ನು ಬಿಟ್ಟು.

ಆ ಒಂದನ್ನು ಹೇಳಿದ್ದು ಎರಡು ವರ್ಷದ ಮೇಲೆ, ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದ ನನ್ನ ರೂಮ್‌ಮೇಟು. ಬಿ.ಫಾರ್ಮ ಓದಿದವಳು. ನನ್ನ ಮಾತ್ರೆ ಸ್ಟ್ರಿಪ್ಪನ್ನು ತಿರುಗಿಸಿ ನೋಡಿ, "ಲೇ, ಇದನ್ನ ತಗೋತಾ ಇದ್ದೀಯ, ಪ್ರೊಟೆಕ್ಷನ್ ಯೂಸ್ ಮಾಡ್ತೀಯ ತಾನೇ?" ಅಂದಳು. ಆಗ ನನಗೊಬ್ಬ ಗೆಳೆಯನಿದ್ದ. ವಿಷಯ ಅಮ್ಮನಿಗೆ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿಲ್ಲದಿದ್ದರೆ ನಡೆಯುತ್ತಿತ್ತು.

ಈ ಮಾತ್ರೆಯ ವಂಶ ಸ್ವಲ್ಪ ಹೇಳಬೇಕು. ನಮ್ಮ ಪಕ್ಕದ ಆಂಧ್ರದ ಭೀಮಾವರದವರಾದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ತಮ್ಮ ತಂಡದ ಜೊತೆ ತಯಾರಿಸಿದ ಔಷಧಗಳ ಕುಟುಂಬ ಇದು. ಇದರ ಅಕ್ಕ ಅಮಿನೊಪ್ಟೆರಿನ್ ಅನ್ನು ಸಿಡ್ನಿ ಫಾರ್ಬರ್ 1940ರ ದಶಕದ ಕೊನೆಯಲ್ಲಿ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಟ್ಟರು. 1950ರ ದಶಕದ ಶುರುವಿನಲ್ಲಿ ಅದೇ ಔಷಧವನ್ನು ಗರ್ಭಪಾತಕ್ಕೂ ಪ್ರಯೋಗಿಸಿ ನೋಡಿದರು. ಉಳಿದುಕೊಂಡ ಕೆಲವು ಕೂಸುಗಳು ತಲೆಬುರುಡೆ, ಮುಖ ಊನವಾಗಿ ಹುಟ್ಟಿದವು. ಕಡಿಮೆ ಡೋಸಿನ ಮೆಥೊಟ್ರೆಕ್ಸೇಟಿಗೆ ಸಂಧಿವಾತಕ್ಕೆಂದು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1988ರಲ್ಲಿ. ಇವತ್ತೂ ಗರ್ಭ ಕೋಶದ ಬದಲು ನಳಿಕೆಯಲ್ಲಿ ಕಟ್ಟಿದರೆ, ಅದನ್ನು ಕರಗಿಸಲು ಕೊಡುವ ಇಂಜೆಕ್ಷನ್ನು ಇದೇ. ಬಸಿರಾಗಬೇಕು ಅಂದುಕೊಂಡವರು ಇದನ್ನು ಬಿಟ್ಟು ಒಂದರಿಂದ ಮೂರು ತಿಂಗಳು ಕಾಯಬೇಕು. ಅಕಸ್ಮಾತ್ ಬಸಿರಾದರೆ ತಕ್ಷಣ ನಿಲ್ಲಿಸಿ ಡಾಕ್ಟರ ಹತ್ತಿರ ಓಡಬೇಕು. ಹಾಗಾದವರ ಮಗು ಊನವಾಗಿಯೇ ಹುಟ್ಟುತ್ತದೆ ಅಂತೇನಿಲ್ಲ. ಆದರೆ ಆ ಜೂಜಿಗೆ ಕೂರುವುದು ಬೇಡವೋ ಬೇಕೋ ಅಂತ ನಿರ್ಧರಿಸಬೇಕಾದವಳಿಗೆ ಜೂಜು ನಡೀತಿದೆ ಅಂತಾದರೂ ಗೊತ್ತಿರಬೇಕಲ್ಲ.

2022ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕನ್ನು ಕಿತ್ತುಕೊಂಡ ಮೇಲೆ, ಅಲ್ಲಿನ ಕೆಲವು ಮೆಡಿಕಲ್ ಸ್ಟೋರುಗಳು ಸಂಧಿವಾತದ ಹೆಂಗಸರಿಗೂ ಮೆಥೊಟ್ರೆಕ್ಸೇಟ್ ಕೊಡಲು ಹಿಂದೆಮುಂದೆ ನೋಡಿದವು. ಅಲ್ಲಿ ಪ್ರತಿ ಹೆಣ್ಣಿನ ಮೇಲೂ ಅನುಮಾನ. ಇಲ್ಲಿ ಜೆ.ಪಿ. ನಗರದ ನನ್ನ ಮನೆ ಕೆಳಗಿನ ಅಂಗಡಿಯವನು ಹಳೇ ಚೀಟಿಯ ಫೋಟೋ ಫೋನಿನಲ್ಲಿ ತೋರಿಸಿದರೆ ಸಾಕು, ಕೊಟ್ಟು ಕಳಿಸ್ತಾನೆ. ಎರಡೂ ಕಡೆ ಆ ಹೆಂಗಸಿನ ಜೊತೆ ಮಾತಾಡುವವರು ಯಾರೂ ಇಲ್ಲ.

ನನ್ನ ತಕರಾರು ಇಷ್ಟೇ. "ಮದುವೆ ಆಗಿದ್ಯಾ" ಅನ್ನುವುದು ವೈದ್ಯಕೀಯ ಪ್ರಶ್ನೆ ಅಲ್ಲ. ಅದು ಬೇರೆ ಹತ್ತು ಪ್ರಶ್ನೆಗಳನ್ನು ಕೇಳದೆ ಜಾರಿಕೊಳ್ಳಲು ಇರುವ ದಾರಿ. ಆಗಿಲ್ಲ ಅಂದರೆ ಗರ್ಭನಿರೋಧಕದ ಮಾತು ಬೇಡ, ಪ್ಯಾಪ್ ಸ್ಮಿಯರ್ ಬೇಡ, ಲಸಿಕೆಯ ಮಾತು ಬೇಡ. ಆಗಿದೆ ಅಂದರೆ "ಮಕ್ಕಳು ಬೇಗ ಮಾಡ್ಕೊಂಬಿಡಿ" ಅನ್ನೋ ಉಪದೇಶ, ಅದನ್ನು ಬಿಟ್ಟು ಬೇರೇನೂ ಇಲ್ಲ. ಲೂಪಸ್ ಬಂದ ಹತ್ತು ಜನರಲ್ಲಿ ಒಂಬತ್ತು ಜನ ಹೆಂಗಸರು, ಅವರಲ್ಲಿ ಬಹುಪಾಲು ಹೆರುವ ವಯಸ್ಸಿನವರು. ರುಮಟಾಯ್ಡ್ ಕೂಡ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಅಂದರೆ ಆ ಓಪಿಡಿಯ ಬೆಂಚಿನಲ್ಲಿ ಕೂತವರೇ ನಾವು. ನಮ್ಮ ಗರ್ಭಕೋಶ ಆ ಡಿಪಾರ್ಟ್‌ಮೆಂಟಿನ ವ್ಯವಹಾರ ಅಲ್ಲ ಅನ್ನೋದು ಹೇಗೆ?

ಕಾನೂನು ಕೂಡ ಈ ಪ್ರಶ್ನೆಯನ್ನು ದಾಟಿ ಮುಂದೆ ಹೋಗಿದೆ. 2021ರ ತಿದ್ದುಪಡಿಯಲ್ಲಿ ಗರ್ಭಪಾತ ಕಾಯ್ದೆಯೊಳಗಿದ್ದ 'ಗಂಡ' ಹೋಗಿ 'ಸಂಗಾತಿ' ಬಂದ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಮದುವೆಯಾದವಳು, ಆಗದವಳು ಅಂತ ಭೇದ ಮಾಡುವ ಹಾಗಿಲ್ಲ ಅಂದಿತು. ಓಪಿಡಿಗೆ ಮಾತ್ರ ಸುದ್ದಿ ಇನ್ನೂ ಮುಟ್ಟಿಲ್ಲ.

ಮದುವೆ ಆದವರ ಕಥೆ ಇನ್ನೂ ಕಷ್ಟ. ನನ್ನ ಬಂಧುವೊಬ್ಬಳಿಗೆ ಗಂಡು ನೋಡುವಾಗ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದು: ಕಾಯಿಲೆ ವಿಷಯ ಎತ್ತುವ ಹಾಗಿಲ್ಲ. "ಸ್ವಲ್ಪ ಕೈಕಾಲು ನೋವು ಬರುತ್ತೆ, ಥೈರಾಯ್ಡು" ಅಂತ ಹೇಳಿದ್ರಂತೆ. ಥೈರಾಯ್ಡ್ ಈಗ ಮದುವೆ ಮಾರ್ಕೆಟ್ಟಿನಲ್ಲಿ ಓಡುವ ಕಾಯಿಲೆ, ಸಂಧಿವಾತ ಓಡಲ್ಲ. ಅವಳು ಮದುವೆಯಾಗಿ ಹೋದಮೇಲೆ ಭಾನುವಾರ ರಾತ್ರಿ ಬಚ್ಚಲುಮನೆ ಚಿಲಕ ಹಾಕಿಕೊಂಡು ಮೆಥೊಟ್ರೆಕ್ಸೇಟ್ ನುಂಗುತ್ತಿದ್ದಳು. ಅತ್ತೆಮನೆಯಲ್ಲಿ ಮೂರನೇ ತಿಂಗಳಿಗೇ "ಏನಾದ್ರೂ ವಿಶೇಷ ಇದೆಯಾ" ಶುರು. ಆ ವಿಶೇಷ ಆಗಬಾರದ ಕಾಲ ಅದು ಅಂತ ಗಂಡನಿಗೂ ಹೇಳುವ ಹಾಗಿಲ್ಲ, ಕಾಂಡೋಮ್ ತಾ ಅನ್ನಲು ಕಾರಣ ಕೊಡುವ ಹಾಗಿಲ್ಲ. ಅವಳ ಡಾಕ್ಟರು ಮದುವೆಗೆ ಆರು ತಿಂಗಳು ಮುಂಚೆ ಒಂದು ಮಾತು ಕೇಳಿದ್ದರೆ ಸಲ್ಫಾಸಲಜಿನ್ನೋ, ಹೈಡ್ರಾಕ್ಸಿಕ್ಲೋರೋಕ್ವಿನ್ನೋ ಬಸಿರಿನಲ್ಲೂ ನಡೆಯುವ ಔಷಧಕ್ಕೆ ಬದಲಾಯಿಸಿ, ಕಾಯಿಲೆ ಹಿಡಿತದಲ್ಲಿ ಇದೆಯಾ ನೋಡಬಹುದಿತ್ತು. ಮದುವೆ ನಿಶ್ಚಯವಾದ ವಿಷಯ ಅವರಿಗೆ ಗೊತ್ತಿತ್ತು. ಲಡ್ಡು ತಿಂದು ಕಂಗ್ರಾಟ್ಸ್ ಹೇಳಿದ್ದರು.

ಹೇಳದೇ ಇರುವುದು ಒಂದು ತರಹದ ತಪ್ಪು. ಎಲ್ಲ ಮಾತ್ರೆಯನ್ನೂ ಹೆದರಿಸಿ ನಿಲ್ಲಿಸುವುದು ಇನ್ನೊಂದು ತರಹದ್ದು. ಬನಶಂಕರಿಯಲ್ಲಿರುವ ನನ್ನ ಹಳೇ ಕಲೀಗ್ ಒಬ್ಬಳಿಗೆ ಲೂಪಸ್. ಬಸಿರಾದದ್ದು ಗೊತ್ತಾದ ಕೂಡಲೇ ಸ್ತ್ರೀರೋಗ ತಜ್ಞರು "ಇಷ್ಟೆಲ್ಲ ಮಾತ್ರೆ ಮಗುವಿಗೆ ಒಳ್ಳೇದಲ್ಲ" ಅಂದರು. ಅತ್ತೆಗೂ ಅದೇ ಬೇಕಿತ್ತು. ರಾಹುಕಾಲದಲ್ಲಿ ಬನಶಂಕರಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿ ಬಂದರು, ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ. ತೊಂದರೆ ಆಗಿದ್ದು ಹೈಡ್ರಾಕ್ಸಿಕ್ಲೋರೋಕ್ವಿನ್ ನಿಲ್ಲಿಸಿದ್ದರಿಂದ. ಹೌದು, 2020ರಲ್ಲಿ ಎಲ್ಲರೂ ಕೋವಿಡ್‌ಗೆ ಅಂತ ಮುಗಿಬಿದ್ದು, ಲೂಪಸ್ ರೋಗಿಗಳಿಗೇ ಸಿಗದ ಹಾಗೆ ಮಾಡಿದ ಅದೇ ಎಚ್‌ಸಿಕ್ಯೂ. ಲೂಪಸ್ ಇದ್ದವರು ಬಸಿರಿನಲ್ಲಿ ಬಿಡಬಾರದ ಮಾತ್ರೆ ಯಾವುದು ಅಂದರೆ ಅದೇ ಮೊದಲನೆಯದು. ಅವಳಿಗೆ ಐದನೇ ತಿಂಗಳಿಗೆ ಕಾಲು ಊದಿತು, ಮೂತ್ರದಲ್ಲಿ ಪ್ರೋಟೀನ್ ಸುರಿಯತೊಡಗಿತು. ಮಗು ಎಂಟನೇ ತಿಂಗಳು ತುಂಬುವ ಮುಂಚೆಯೇ ಹುಟ್ಟಿ ಐಸಿಯುನಲ್ಲಿ ಮೂರು ವಾರ ಇತ್ತು. ಈಗ ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಆ ಒಂಬತ್ತು ತಿಂಗಳಲ್ಲಿ ಕೀಲಿನ ಡಾಕ್ಟರು "ಅದನ್ನ ಗೈನಕಾಲಜಿಸ್ಟ್ ಕೇಳಿ" ಅಂತ ಕಳಿಸಿದ್ದು, ಗೈನಕಾಲಜಿಸ್ಟ್ "ನಿಮ್ಮ ರುಮಟಾಲಜಿಸ್ಟ್ ಏನಂತಾರೆ ಕೇಳ್ಕೊಂಡು ಬನ್ನಿ" ಅಂತ ವಾಪಸ್ ಕಳಿಸಿದ್ದು ಎಷ್ಟು ಸಲವೋ. ಇಬ್ಬರು ಡಾಕ್ಟರ ನಡುವೆ ಆಟೋದಲ್ಲಿ ಓಡಾಡುವ ಪೋಸ್ಟ್‌ಮ್ಯಾನ್ ಒಬ್ಬ ಬಸುರಿ. ಇಬ್ಬರ ಜೇಬಲ್ಲೂ ಫೋನ್ ಇತ್ತು.

ಲೂಪಸ್ ಕನಿಷ್ಠ ಆರು ತಿಂಗಳು ತಣ್ಣಗಿದ್ದ ಮೇಲೆ ಬಸಿರಾಗುವುದು ಒಳ್ಳೇದು, ಆಂಟಿ-ರೋ ಪ್ರತಿಕಾಯ ಇದ್ದರೆ ನೂರಕ್ಕೆ ಸುಮಾರು ಎರಡು ಮಕ್ಕಳಲ್ಲಿ ಹೊಟ್ಟೆಯಲ್ಲಿರುವಾಗಲೇ ಹೃದಯದ ಬಡಿತಕ್ಕೆ ತಡೆ ಬರಬಹುದು, ಹಾಗಾಗಿ ಸ್ಕ್ಯಾನ್ ಬೇಕು. ಇವೆಲ್ಲ ಗುಟ್ಟಿನ ವಿದ್ಯೆ ಅಲ್ಲ. ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2020ರಲ್ಲಿ ಈ ವಿಷಯಕ್ಕೇ ಒಂದು ಪೂರ್ತಿ ಮಾರ್ಗಸೂಚಿ ತಂದಿದೆ. ಹೆರುವ ವಯಸ್ಸಿನ ಪ್ರತಿ ಹೆಂಗಸಿನ ಜೊತೆ ಶುರುವಿನ ಭೇಟಿಯಲ್ಲೇ ಈ ಮಾತಾಡಿ ಅಂತ ಅದರಲ್ಲಿದೆ.

ಪೂಜೆಯ ಮಾತ್ರೆಯ ವಿಷಯಕ್ಕೆ ಬರ್ತೀನಿ. ಗೌರಿ ಹಬ್ಬಕ್ಕೋ, ಗೃಹಪ್ರವೇಶಕ್ಕೋ ಮುಟ್ಟು ಮುಂದೂಡಲು ಅಂಗಡಿಯಲ್ಲಿ ಕೇಳಿ ತಗೊಳ್ಳುವ ನಾರೆಥಿಸ್ಟೆರಾನ್ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಆ ಡೋಸಿನಲ್ಲಿ ಅದರ ಸ್ವಲ್ಪ ಭಾಗ ದೇಹದೊಳಗೆ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಲೂಪಸ್ ಇರುವ ಕೆಲವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳು ಇರುತ್ತವೆ. ಅಂಥವರಿಗೆ ಈಸ್ಟ್ರೋಜನ್ ಅಂದರೆ ಕಾಲಿನಲ್ಲೋ, ಶ್ವಾಸಕೋಶದಲ್ಲೋ, ಮಿದುಳಿನಲ್ಲೋ ಹೆಪ್ಪು. ಪಿಸಿಒಎಸ್‌ಗೆ ಅಂತ ಬರೆದುಕೊಡುವ ಹಾರ್ಮೋನ್ ಮಾತ್ರೆಗಳಿಗೂ ಇದೇ ಮಾತು. ಆ ರಕ್ತಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿ ಬರೆಯುವವರು ಎಷ್ಟು ಜನ? ಕಾಪರ್-ಟಿ ಇಂಥವರಿಗೂ ನಡೆಯುತ್ತದೆ. ಎಡವಟ್ಟಾದ ಮೇಲೆ ನುಂಗುವ ಲೆವೊನಾರ್ಜೆಸ್ಟ್ರೆಲ್ ಮಾತ್ರೆಯೂ ಇವರಿಗೆ ಅಪಾಯ ಅಲ್ಲ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಇದನ್ನು ನನಗೆ ಯಾವ ಡಾಕ್ಟರೂ ಹೇಳಲಿಲ್ಲ, ನಾನು ಮಾರ್ಗಸೂಚಿ ತೆಗೆದು ಓದಿದೆ. ಓದಲು ಬರುವವಳು, ಇಂಟರ್‌ನೆಟ್ ಇರುವವಳು. ಸಂಜಯ್ ಗಾಂಧಿ ಆಸ್ಪತ್ರೆಯ ಮುಂದೆ ಬಸ್ಸಿಳಿದು ಮಂಡಿ ಹಿಡಿದುಕೊಂಡು ಬರುವವಳು ಏನು ಮಾಡಬೇಕು?

ಇನ್ನು ಕ್ಯಾನ್ಸರ್. ಗರ್ಭಕಂಠದ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ವೈರಸ್ಸು. ಬಹಳಷ್ಟು ಹೆಂಗಸರ ದೇಹ ಅದನ್ನು ತಾನೇ ಹೊರಹಾಕುತ್ತದೆ. ನಮ್ಮ ಕಾಯಿಲೆಗೆ ಕೊಡುವ ಔಷಧಗಳ ಕೆಲಸವೇ ಆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದು, ಹಾಗಾಗಿ ವೈರಸ್ಸು ಕೂತುಬಿಡುವ ಸಾಧ್ಯತೆ ನಮ್ಮಲ್ಲಿ ಜಾಸ್ತಿ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಜನ ಸತ್ತರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಗರ್ಭಕಂಠದ ಪರೀಕ್ಷೆ ಮಾಡಿಸಿದವರು ನೂರಕ್ಕೆ 1.9. ಕಿದ್ವಾಯಿ ಆಸ್ಪತ್ರೆ ಇಲ್ಲೇ ಹೊಸೂರು ರಸ್ತೆಯಲ್ಲಿದೆ, ನಮ್ಮ ಏರಿಯಾದಿಂದ ಅರ್ಧ ಗಂಟೆ ದಾರಿ. ಅಲ್ಲಿಗೆ ಹೋಗುವ ಪರಿಸ್ಥಿತಿ ಬಾರದ ಹಾಗೆ ಮಾಡುವ ಲಸಿಕೆ ಇದೆ. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ 2023ರಿಂದ ಸಿಗ್ತಾ ಇದೆ, ಬೇರೆ ಕಂಪನಿಯದ್ದು ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ಇತ್ತು. ರೋಗನಿರೋಧಕ ತಗ್ಗಿಸುವ ಔಷಧ ತಗೊಳ್ಳುವವರಿಗೆ ಮೂರು ಡೋಸು ಬೇಕು.

23ನೇ ವಯಸ್ಸಿನಲ್ಲಿ, ಮೊದಲ ಮಾತ್ರೆ ನುಂಗುವ ಮುಂಚೆ, ನನಗೆ ಇದನ್ನು ಯಾರೂ ಹೇಳಲಿಲ್ಲ. 29ಕ್ಕೆ ನಾನೇ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದಾಕೆ ಕೇಳಿದ್ದು ಏನು ಹೇಳಿ ನೋಡೋಣ. "ಮ್ಯಾರೀಡಾ ಮೇಡಂ?" ಪ್ಯಾಪ್ ಸ್ಮಿಯರಿಗೆ ಹೋದಾಗಲೂ ಅದೇ, "ಅನ್‌ಮ್ಯಾರೀಡ್ ಅಂದ್ರೆ ನಾವು ಮಾಡಲ್ಲ." ಲೈಂಗಿಕ ಸಂಪರ್ಕವೇ ಇಲ್ಲದವಳಿಗೆ ಆ ಪರೀಕ್ಷೆಯ ಅಗತ್ಯ ಬಹಳ ಕಡಿಮೆ ಅನ್ನೋದು ನಿಜ. ಹಾಗಾದರೆ ಅದನ್ನು ಕೇಳಿ. ಅದನ್ನು ಕೇಳಲು ನಾಚಿಕೆಯಾಗಿ ತಾಳಿಯ ಲೆಕ್ಕ ಕೇಳಬೇಡಿ.

ನನ್ನ ಡಾಕ್ಟರ್ ಫ್ರೆಂಡ್ ಇದನ್ನೆಲ್ಲ ಕೇಳಿ, "ನಿಂಗೇನು ಗೊತ್ತು, ಒಬ್ಬ ಪೇಷೆಂಟಿಗೆ ಐದು ನಿಮಿಷ ಸಿಗಲ್ಲ" ಅಂತ ರೇಗಿದ. ಒಪ್ಪಿದೆ. ಈ ದೇಶದಲ್ಲಿ ಕೀಲುವಾತದ ತಜ್ಞರು ಸಾಲದು, ಇರುವವರ ಬಾಗಿಲಲ್ಲಿ ಜಾತ್ರೆ. ಆದರೆ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಈ ಕೆಲಸಕ್ಕೇ ಅಂತ ಒಂದೇ ಒಂದು ಪ್ರಶ್ನೆ ರೂಪಿಸಿದ್ದಾರೆ: ಮುಂದಿನ ಒಂದು ವರ್ಷದಲ್ಲಿ ನಿಮಗೆ ಬಸಿರಾಗುವ ಇಷ್ಟ ಇದೆಯಾ? ಕೇಳಲು ಹತ್ತು ಸೆಕೆಂಡು ಸಾಕು, "ಮದುವೆ ಆಗಿದ್ಯಾ" ಕೇಳುವಷ್ಟೇ ಹೊತ್ತು. ಹೌದು ಅಂದರೆ ಔಷಧ ಬದಲಿಸುವ ಮಾತು, ಇಲ್ಲ ಅಂದರೆ ಬಸಿರು ತಡೆಯುವ ಮಾತು. ಗೊತ್ತಿಲ್ಲ ಅಂದರೂ ಮಾತು ಶುರುವಾಯ್ತಲ್ಲ. ಅಷ್ಟೂ ಪುರುಸೊತ್ತಿಲ್ಲ ಅಂದರೆ ತೂಕ, ಬಿಪಿ ನೋಡುವ ಸಿಸ್ಟರ್ ಕೇಳಲಿ. 'ಗಂಡನ/ತಂದೆಯ ಹೆಸರು' ಅಂತ ಅಚ್ಚು ಹಾಕಿಸಿದ ಫಾರಂನಲ್ಲಿ ಆ ಸಾಲು ತೆಗೆದು ಇದನ್ನು ಹಾಕಿಸಲಿ. ಮತ್ತೆ, ಪಕ್ಕದಲ್ಲಿ ಅಮ್ಮನೋ ಅತ್ತೆಯೋ ಗಂಡನೋ ಕೂತಿದ್ದರೆ ದಯವಿಟ್ಟು ಅವರನ್ನು ಎರಡು ನಿಮಿಷ ಹೊರಗೆ ಕಳಿಸಿ. ನನಗೆ ಆವತ್ತು ಬೇಕಿದ್ದದ್ದು ಔಷಧಕ್ಕಿಂತ ಮುಂಚೆ ಅದು.

ಓದುತ್ತಿರುವವರಲ್ಲಿ ಈ ಮಾತ್ರೆಗಳನ್ನು ನುಂಗುವವರು ಇದ್ದರೆ ಒಂದು ಮಾತು. ಇದನ್ನು ಓದಿ ಹೆದರಿ ಇವತ್ತೇ ಯಾವುದನ್ನೂ ನಿಲ್ಲಿಸಬೇಡಿ. ನನ್ನ ಬೆರಳುಗಳು ಇವತ್ತು ಇಷ್ಟುದ್ದ ಟೈಪ್ ಮಾಡುತ್ತಿರುವುದು ಅದೇ ಮೆಥೊಟ್ರೆಕ್ಸೇಟ್ ಕೃಪೆಯಿಂದ. ಹೊಸ ಫೋನ್ ತಗೊಳ್ಳುವ ಮುಂಚೆ ಮೂವತ್ತು ರಿವ್ಯೂ ನೋಡುವವರು ನಾವು, ಡಾಕ್ಟರ ಮುಂದೆ ಮಾತ್ರ ಹೂಂ ಸರ್ ಹೂಂ ಸರ್ ಅಂತ ಎದ್ದು ಬರ್ತೀವಿ. ನಾನೂ ಆರು ವರ್ಷ ಹಾಗೇ ಬಂದೆ.

ಮುಂದಿನ ತಿಂಗಳು ನನ್ನ ಫಾಲೋಅಪ್ ಇದೆ. ಅಮ್ಮ ಬರ್ತೀನಿ ಅಂದಿದ್ದಾಳೆ, ಬೇಡ ಅನ್ನಲ್ಲ. ಮುಗಿದ ಮೇಲೆ ಫೋರ್ತ್ ಬ್ಲಾಕಿಗೆ ಹೋಗಿ ಸೀರೆ ನೋಡಬೇಕಂತೆ. ಒಳಗೆ ನನ್ನ ಹೆಸರು ಕರೆದಾಗ ಮಾತ್ರ, ನೀನು ಇಲ್ಲೇ ಕೂತಿರಮ್ಮ, ಬರ್ತೀನಿ ಅಂತ ಹೇಳಬೇಕು.