ತುಕ್ಕಿಗೆ ಪೌಡರ್ ಹಚ್ಚಬ್ಯಾಡ್ರಿ

ಆಲಮಟ್ಟಿ ಸುತ್ತಮುತ್ತ ಅಂಗಳದಾಗ ವೆಲ್ಡಿಂಗ್ ಮಾಡಿ ಗಾಡಿ ಕಟ್ಟೋರ ಮ್ಯಾಲೆ ನಂದೊಂದು ತಕರಾರು: ನಮಗ ಹೊಳಪು ಬೇಕು, ಬಾಳಿಕೆ ಬ್ಯಾಡ.

ನಾನೂ ಹಂಗೇ ಮಾಡಿದವನು. ನಾನೇ ಕಟ್ಟಿದ ಗಾಡಿಯ ಚಾಸಿಗೆ ತುಕ್ಕಿನ ಮ್ಯಾಲೇ ಎನಾಮಲ್ ಬಳಿದೆ. ಎರಡು ಮಳೆಗಾಲಕ್ಕ ಬೆಸುಗೆ ಒಳಗೊಳಗೇ ತಿಂದುಹೋಗಿ, ಮಗಳು ಹಿಂದೆ ಕುಂತಾಗಲೇ ಪಟ್ಟಿ ಮುರೀತು. ಪುಣ್ಯಕ್ಕೆ ಗಾಡಿ ನಿಧಾನಕ್ಕಿತ್ತು.

ನಮ್ಮೂರ ಅಣೆಕಟ್ಟಿನ 26 ಗೇಟುಗಳಿಗೆ ಬಣ್ಣ ಹಚ್ಚೋದು ಬರೀ ಚಂದಕ್ಕಲ್ಲ. ಕೃಷ್ಣೆಯ ನೀರು ಉಕ್ಕನ್ನ ತಿನ್ನಬಾರದಂತ. ನಿಮ್ಮ ಗಾಡಿಗೂ ಅದೇ ನ್ಯಾಯ. ಜಿಡ್ಡು ಒರೆಸಿ, ಹೊಳೆಯೋ ಉಕ್ಕು ಕಾಣೋತನಕ ತುಕ್ಕು ಉಜ್ಜಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೀರಿ. ಬರೀ ಎಪಾಕ್ಸಿ ಬಿಸಿಲಿಗೆ ಸುಣ್ಣದಂಗ ಪುಡಿಯಾಗ್ತದ. ಅದಕ್ಕ ಮ್ಯಾಲೆ ಪಾಲಿಯುರಿಥೇನ್ ಬೇಕೇಬೇಕು.

‘ಖರ್ಚು ಜಾಸ್ತಿ’ ಅಂತೀರಿ. ಹಿಂದಿನ ಸೀಟಿನಾಗ ಯಾರನ್ನ ಕೂಡಿಸ್ತೀರಿ, ಮೊದಲು ಅದನ್ನ ಹೇಳ್ರಿ.