ಟ್ರೇಲರ್ ಕಟ್ಟುವ ಮುನ್ನ

ಬೇಸಿಗೆ ರಜೆಯಲ್ಲಿ ರಿಚರ್ಡ್‌ಸನ್‌ನಿಂದ ಹ್ಯೂಸ್ಟನ್‌ಗೆ ಮನೆ ಬದಲಿಸುತ್ತಿದ್ದೀರಾ? ಪಿಕಪ್‌ಗೆ ಟ್ರೇಲರ್ ಕಟ್ಟುವ ಮೊದಲು ಊರಿನ ಎತ್ತಿನಗಾಡಿ ನೆನಪಿಸಿಕೊಳ್ಳಿ. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತಿತ್ತಲ್ಲ? ಟ್ರೇಲರ್ ಆದರೆ ಓಲಾಡಿ, ಮಕ್ಕಳು ಕೂತ ಪಿಕಪ್ಪನ್ನೇ ಎಳೆದಾಡುತ್ತದೆ. ಆದ್ದರಿಂದ ಫ್ರಿಜ್, ಗ್ರೈಂಡರ್, ಪುಸ್ತಕದ ಪೆಟ್ಟಿಗೆ ಮುಂದಿರಲಿ. ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲಿರಲಿ. ಆ ಭಾರ, ನೀವೆಲ್ಲರೂ, ಪಿಕಪ್‌ನೊಳಗಿನ ಸಾಮಾನು ಸೇರಿ ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಹೇಳುವ ಮಿತಿ ದಾಟಬಾರದು. ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ದಾರಿಯಲ್ಲಿ ಓಲಾಡತೊಡಗಿದರೆ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿಯಿರಿ. ಸುಮಾರು 50 ಮೈಲಿಗೆ ಎನ್ನಿಸ್ ಸಿಗುತ್ತದೆ. ಅಲ್ಲಿ ನಿಲ್ಲಿಸಿ ಕೊಂಡಿ, ಸರಪಳಿ, ಚಕ್ರದ ನಟ್ಟು ಮತ್ತೊಮ್ಮೆ ನೋಡಿ. ಅಷ್ಟರಲ್ಲಿ ಮಕ್ಕಳ ಮೊಸರನ್ನವೂ ಮುಗಿದಿರುತ್ತದೆ.