ಎರೆಭೂತ ಉಳಿಸಲು ಒಣಬೇಸಾಯಗಾರನನ್ನು ಕೇಳಿ

ಎರೆಭೂತ ಎಂದರೆ ದೆವ್ವವಲ್ಲ, ಹಕ್ಕಿ. ನಿಂತರೆ ಮೀಟರು ಎತ್ತರ. ಗಂಡು ಹದಿನಾಲ್ಕು-ಹದಿನೈದು ಕಿಲೋ ತೂಗುವುದೂ ಉಂಟು. ಇಡೀ ದೇಶದಲ್ಲಿ ಉಳಿದಿರುವುದು 150ರ ಆಸುಪಾಸು, ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಕಡೆ. ನಮ್ಮ ರಾಜ್ಯದಲ್ಲಿ ಸಿರುಗುಪ್ಪ ಸೀಮೆಯ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟಿವೆ.

ಇದು ಕಾಡಿನ ಹಕ್ಕಿಯಲ್ಲ. ಹುಲ್ಲಿನ ಬಯಲು, ಬೀಳು ಬಿಟ್ಟ ನೆಲ, ಮಳೆ ನಂಬಿ ಬಿತ್ತಿದ ಜೋಳ, ಕಡಲೆ ಹೊಲ - ಇವೇ ಅದರ ಮನೆ. ಕಾಳನ್ನೂ ಒಂದಿಷ್ಟು ತಿನ್ನುತ್ತದೆ, ನಿಜ. ಆದರೆ ಮಿಡತೆ, ಜೀರುಂಡೆಗಳನ್ನೂ ಹೆಕ್ಕಿ ತಿನ್ನುತ್ತದೆ. ಲೆಕ್ಕ ಹಾಕಿದರೆ ನಮಗೇ ಲಾಭ ಅನ್ನಿ. ಮೊಟ್ಟೆ ಇಡುವುದು ಬರಿ ನೆಲದ ಮೇಲೆ, ಅದೂ ಸಾಮಾನ್ಯವಾಗಿ ಒಂದೇ. ಸುಮಾರು ನಾಲ್ಕು ವಾರ ತಾಯಿ ಕಾವು ಕೂರಬೇಕು. ಅಷ್ಟರೊಳಗೆ ಬೀದಿನಾಯಿ ಬಂದರೂ ಹೋಯಿತು, ಟ್ರ್ಯಾಕ್ಟರ್ ಹರಿದರೂ ಹೋಯಿತು.

ಇಂಥ ನೆಲವನ್ನು ನಾವೆಲ್ಲ ಸುಲಭವಾಗಿ ‘ಬಂಜರು’ ಅಂದುಬಿಡುತ್ತೇವೆ. ಬಂಜರು ಅಂದ ಮೇಲೆ ಏನು ಮಾಡಿದರೂ ಅಭಿವೃದ್ಧಿಯೇ! ರಾಣೆಬೆನ್ನೂರಿನಲ್ಲಿ ಹುಲ್ಲಿನ ನೆಲಕ್ಕೆ ನೀಲಗಿರಿ ನೆಟ್ಟರು. ಬೇರೆ ಕಡೆ ಕಾಲುವೆ ಬಂತು, ವಿದ್ಯುತ್ ತಂತಿ ಬಂತು. ಈ ಹಕ್ಕಿಗೆ ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲ, ಮೈಭಾರ ಬೇರೆ. ಹಾರುವಾಗ ತಂತಿಗೆ ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತಿನ ಹಕ್ಕಿ ತಾಣಗಳಲ್ಲಿ ತಂತಿಯನ್ನು ನೆಲದೊಳಗೆ ಹಾಕಿ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. 2024ರಲ್ಲಿ ಆ ಆದೇಶ ಸಡಿಲಿಸಿ, ತಜ್ಞರ ಸಮಿತಿ ಮಾಡಿತು.

ಹಾಗಾದರೆ ಹೊಲಗಳನ್ನೆಲ್ಲ ಅಭಯಾರಣ್ಯ ಮಾಡಿಬಿಟ್ಟರೆ? ಮಧ್ಯಪ್ರದೇಶದ ಕರೇರಾದಲ್ಲಿ 1981ರಲ್ಲಿ ಅದನ್ನೇ ಮಾಡಿದರು. ರೈತರ ಸ್ವಂತ ಜಮೀನೂ ಅದರೊಳಗೆ ಸೇರಿತು. ಮಾರಲು ಅಡ್ಡಿ, ಕೊಳ್ಳಲು ಅಡ್ಡಿ. ಅಲ್ಲಿಯವರೆಗೆ ಹಕ್ಕಿಯ ಜೊತೆ ಬದುಕಿದ್ದ ರೈತನಿಗೆ ಅದು ಶತ್ರುವಾಯಿತು. 1990ರ ದಶಕದಲ್ಲಿ ಅಲ್ಲಿ ಹಕ್ಕಿಯೇ ಇಲ್ಲವಾಯಿತು. ಬೇಲಿ ಉಳಿಯಿತು, ಬೆಳೆ ಹೋಯಿತು ಅನ್ನುವ ಹಾಗೆ.

ನನ್ನ ಮಾತು ಇಷ್ಟೇ. ಎರೆಭೂತ ಇಂದಿಗೂ ಉಳಿದಿರುವುದು ಮಳೆ ಆಶ್ರಯದ ಬೇಸಾಯ ಇರುವಲ್ಲಿ. ಆ ಬೇಸಾಯ ಕಟ್ಟದೆ ರೈತ ಹೊಲ ಮಾರಿದರೆ, ಬೋರು ಕೊರೆಸಿ ಬೇರೆ ಬೆಳೆಗೆ ಹೊರಳಿದರೆ ಹಕ್ಕಿಗೂ ಜಾಗವಿಲ್ಲ. ಆದ್ದರಿಂದ ರಕ್ಷಣೆಯ ಹಣ ಕಚೇರಿ, ಕಾವಲುಗೋಪುರಗಳಿಗಷ್ಟೇ ಹೋಗಬಾರದು, ಹೊಲಕ್ಕೂ ಬರಬೇಕು. ಮೊಟ್ಟೆ ಕಂಡವನು ಸುತ್ತಲಿನ ಒಂದಿಷ್ಟು ಜಾಗ ಉಳುಮೆ ಮಾಡದೆ ಬಿಟ್ಟರೆ ಆ ನಷ್ಟವನ್ನು ಅದೇ ಹಂಗಾಮಿನಲ್ಲಿ ತುಂಬಿಕೊಡಲಿ. ಬೀಳು ಬಿಟ್ಟವನಿಗೆ ಎಕರೆ ಲೆಕ್ಕದಲ್ಲಿ ಬಾಡಿಗೆ ಕೊಡಲಿ. ಆ ಸೀಮೆಯ ಜೋಳ, ಕಡಲೆಗೆ ಖಾತ್ರಿ ಬೆಲೆ ಸಿಗಲಿ. ಜಮೀನಿನ ಹಕ್ಕಿಗೆ ಮಾತ್ರ ಕೈಹಾಕುವುದು ಬೇಡ.

ನಮ್ಮ ಪಾಲಿನದೂ ಇದೆ ಬಿಡಿ. ಮಳೆಗಾಲದಲ್ಲಿ ಮರಿ ಮಾಡುವ ಹೊತ್ತು ನಾಯಿಗಳನ್ನು ಹೊಲಕ್ಕೆ ಬಿಡದಿರುವುದು, ಮಿಡತೆ ಕಂಡ ಕೂಡಲೇ ವಿಷ ಹೊಡೆಯದಿರುವುದು, ಬದುವಿನ ಹುಲ್ಲಿಗೆ ಬೆಂಕಿ ಇಕ್ಕದಿರುವುದು. ಇದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಕಿಲ್ಲ. ಎರೆ ಸೀಮೆಯ ಗ್ರಾಮಸಭೆಗಳಲ್ಲಿ ಈ ಮಾತು ಮೊದಲು ನಾವೇ ಎತ್ತೋಣ. ಇಲ್ಲವಾದರೆ ನಮ್ಮ ಹೊಲದ ಬಗ್ಗೆ ನಮ್ಮನ್ನು ಕೇಳದೆ ಯಾರೋ ತೀರ್ಮಾನ ಮಾಡುತ್ತಾರೆ.